ಗಟಾರದ ಈಚೆ ಎರಡು ಓಟು

ಐದು ವರ್ಷಕ್ಕೊಮ್ಮೆ ಹೊಸಪೇಟೆಯವರಿಗೆ ನನ್ನ ನೆನಪಾಗುತ್ತದೆ. ನೆನಪಾದಾಗಲೆಲ್ಲ ನಗಬೇಕೋ ಅಳಬೇಕೋ ತಿಳಿಯದಂಥದ್ದು ಏನಾದರೊಂದು ಆಗಿಯೇ ತೀರುತ್ತದೆ.

ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಊರಿನವರೆಲ್ಲ ಪರಊರಿನವರೊಂದಿಗೆ ಮಾತಾಡಿದ್ದು ನನ್ನ ಕೈಯಿಂದಲೇ. ಆಮೇಲೆ ನನ್ನ ಜೊತೆ ಮಾತಾಡುವವರೇ ಉಳಿಯಲಿಲ್ಲ. ಮಕ್ಕಳಾಗಲಿಲ್ಲ. ಯಜಮಾನರು ತೀರಿಕೊಂಡು ನಾಲ್ಕು ವರ್ಷ. ಹಾಲಿನವನು ಪ್ಯಾಕೆಟ್ಟು ಗೇಟಿಗೆ ನೇತುಹಾಕಿ ಹೋಗುತ್ತಾನೆ, ಎದುರು ಮನೆಯಾಕೆ ಸೀರಿಯಲ್ಲು ಮುಗಿದ ಮೇಲೆ ಮಾತ್ರ ಹೊರಗೆ ಬರುತ್ತಾಳೆ. ಕೆಲವು ದಿನ ಸಂಜೆಯವರೆಗೆ ಬಾಯಿಂದ ಒಂದು ಶಬ್ದ ಹೊರಟಿರುವುದಿಲ್ಲ. ಆಮೇಲೆ ಕುಕ್ಕರಿಗೆ ಬೈದು ದನಿ ಸರಿ ಮಾಡಿಕೊಳ್ಳುತ್ತೇನೆ.

ಈಚೆಗೆ ನಗರಸಭೆ ಚುನಾವಣೆ ಬಂತು. ಓಣಿಯ ತುಂಬ ಜನ, ತಮಟೆ, ಪಟಾಕಿ. ನಾನೂ ಒಂದು ತೀರ್ಮಾನ ಮಾಡಿದೆ. ರಸ್ತೆ, ನೀರು, ಬೀದಿದೀಪ ಎಲ್ಲರೂ ಹೇಳುತ್ತಾರೆ, ಯಾರೂ ಮಾಡುವುದಿಲ್ಲ. ಯಾವ ಅಭ್ಯರ್ಥಿ ನಮ್ಮ ಮನೆಯೊಳಗೆ ಬಂದು, ಯಜಮಾನರು ಕೂರುತ್ತಿದ್ದ ಬೆತ್ತದ ಕುರ್ಚಿಯಲ್ಲಿ ಕೂತು, ಒಂದು ಕಪ್ ಚಹಾ ಪೂರ್ತಿ ಕುಡಿದು ಏಳುತ್ತಾನೋ ಅವನಿಗೆ ನನ್ನ ಓಟು. ಭಾಳ ಸುಲಭದ ಪರೀಕ್ಷೆ ಎಂದುಕೊಂಡಿದ್ದೆ.

ಮೊದಲನೆಯವರು

ಮೊದಲು ಬಂದವರು ಅಕ್ಕಿ ಗಿರಣಿಯ ಸಾಹುಕಾರರು. ಹಿಂದೆ ಮೂವತ್ತು ಮಂದಿ, ಪಕ್ಕದಲ್ಲಿ ಮತದಾರರ ಪಟ್ಟಿ ಹಿಡಿದ ಒಬ್ಬ ಕಾರ್ಯಕರ್ತ. ಅವನು ಮೊದಲೇ ಕೂಗಿ ಹೇಳಿದ, "ಗಟಾರದ ಆ ಕಡಿ ಮನಿ ಬ್ಯಾಡ್ರೆಪಾ, ಅವು ನಮ್ಮ ವಾರ್ಡಿನವಲ್ಲ. ಈ ಕಡಿ ಅಷ್ಟ ಹಿಡೀರಿ." ಆಮೇಲೆ ಪಟ್ಟಿ ನೋಡಿ ಸಾಹುಕಾರರ ಕಿವಿಯಲ್ಲಿ, "ಅಣ್ಣಾ, ಎರಡು ಓಟು," ಅಂದ.

ಎರಡು ಅಂದಕೂಡಲೇ ಸಾಹುಕಾರರು ಚಪ್ಪಲಿ ಬಿಟ್ಟು ಒಳಗೇ ಬಂದರು.

"ಬರ್ರಿ, ಕುಂದ್ರಿ, ಚಾ ಮಾಡ್ತೀನಿ," ಅಂದೆ.

"ಚಾ ಇನ್ನೊಮ್ಮಿ ಕುಡಿಯೋಣಂತ ಅಮ್ಮಾರ. ಯಜಮಾನ್ರು ಎಲ್ಲಿ ಅದಾರ?"

ನಾನು ಗೋಡೆಯ ಮೇಲಿದ್ದ ಫೋಟೋ ತೋರಿಸಿದೆ. ಅದಕ್ಕೆ ನಾನು ಹಾರ ಹಾಕಿಲ್ಲ. ಹಾಕಿದರೆ ಅವರು ಯಾರೋ ದೊಡ್ಡ ಮನುಷ್ಯರ ಹಾಗೆ ಕಾಣುತ್ತಾರೆ, ನನ್ನವರ ಹಾಗೆ ಕಾಣುವುದಿಲ್ಲ. ಸಾಹುಕಾರರು ಪಾಪ, ಫೋಟೋ ನೋಡಿ "ಮಸ್ತ್ ಅದಾರ" ಎಂದರು. ಕಾರ್ಯಕರ್ತ ಅವರ ತೋಳು ಚಿವುಟಿ, "ಅಣ್ಣಾ, ಅವ್ರು ತೀರಿಕೊಂಡಾರ," ಎಂದ.

ಸಾಹುಕಾರರು ತಡಬಡಾಯಿಸಲೇ ಇಲ್ಲ. ಎರಡೂ ಕೈ ಜೋಡಿಸಿ ಫೋಟೋಕ್ಕೆ ನಮಸ್ಕಾರ ಮಾಡಿ, ತಿರುಗಿ ಕೇಳಿದರು: "ಆದ್ರ ಪಟ್ಟಿಯಾಗ ಹೆಸರು ಐತಲ್ಲ?"

ಹೆಸರು ಇತ್ತು. ತೆಗೆಸಬೇಕಾದವಳು ನಾನು, ತೆಗೆಸಿಲ್ಲ. ಅರ್ಜಿ ತಂದಿಟ್ಟು ನಾಲ್ಕು ವರ್ಷವಾಯಿತು. ಚುನಾವಣೆಗೆ ಮೊದಲು ಮನೆಗೆ ಬರುವ ಚೀಟಿಗಳಲ್ಲಿ ನನ್ನ ಹೆಸರಿನ ಹಿಂದೆಯೇ ಅವರ ಹೆಸರೂ ಬರುತ್ತದೆ. ನಮ್ಮಿಬ್ಬರನ್ನೂ ಒಟ್ಟಿಗೆ ಕರೆಯುವ ಕಾಗದ ಈಗ ಅದೊಂದೇ. ಯಾರೂ ಅವರ ಹೆಸರಿನಲ್ಲಿ ಓಟು ಹಾಕಲು ನಾನು ಬಿಡುವವಳಲ್ಲ, ಬೂತಿಗೆ ಹೋಗಿ ಕಾದು ನಿಲ್ಲುತ್ತೇನೆ. ಆದರೆ ಹೆಸರು ಅಳಿಸುವುದು ಮಾತ್ರ ಕೈಲಾಗುವುದಿಲ್ಲ.

ಸಾಹುಕಾರರು ಹೋಗುವಾಗ ನನಗೊಂದು ಕರಪತ್ರ ಕೊಟ್ಟರು. ಇನ್ನೊಂದನ್ನು ಫೋಟೋದ ಚೌಕಟ್ಟಿಗೆ ಸಿಕ್ಕಿಸಿ ಹೋದರು.

ಮಧ್ಯಾಹ್ನದ ಕರೆ

ಒಂದು ಮಧ್ಯಾಹ್ನ ಫೋನು ಹೊಡೆದುಕೊಂಡಿತು. ಎತ್ತಿದರೆ ಗಂಭೀರವಾದ ಗಂಡುದನಿ. "ನಮಸ್ಕಾರ ತಾಯಿ, ಚೆನ್ನಾಗಿದ್ದೀರಾ?"

ಎಷ್ಟು ತಿಂಗಳಾಗಿತ್ತೋ ಹೀಗೆ ಒಬ್ಬರು ಕೇಳಿ! ನಾನು ಸುಳ್ಳು ಹೇಳಲಿಲ್ಲ. "ಎಲ್ಲಿ ಚಲೋಪಾ, ಮಳಕಾಲು ಭಾಳ ನೋಯಾಕತ್ತೈತಿ," ಎಂದು ಶುರು ಮಾಡಿದೆ. ಆತ ನಡುವೆ ಬಾಯಿ ಹಾಕಿ ಒಳಚರಂಡಿಯ ವಿಷಯ ತೆಗೆದ. ಸರಿ, ಕ್ಯಾಂಡಿಡೇಟ್ ಇರಬೇಕು, ಅವಸರವಿರಬೇಕು ಎಂದು ನಾನೂ ಚುಟುಕಾಗಿ ಹೇಳಿದೆ: ಮಂಡಿಗೆ ಎಣ್ಣೆ ಹಚ್ಚಿದ್ದು, ಡಾಕ್ಟರು ಅಕ್ಕಿ ಬಿಡು ಅಂದದ್ದು, ನಾನು ಬಿಡದಿದ್ದದ್ದು. ಕೊನೆಗೆ ಆತ, "ನಿಮ್ಮ ಸಮಸ್ಯೆ ತಿಳಿಸಲು ಒಂದನ್ನು ಒತ್ತಿ," ಎಂದ. ಒತ್ತಿದೆ.

"ನಮಸ್ಕಾರ ತಾಯಿ, ಚೆನ್ನಾಗಿದ್ದೀರಾ?"

ಮೂವತ್ತು ವರ್ಷ ಫೋನಿನ ಮುಂದೆ ಕೂತವಳಿಗೆ ಅದು ರೆಕಾರ್ಡು ಎಂದು ತಿಳಿಯಲಿಲ್ಲ. ನನಗೆ ಎಷ್ಟು ನಾಚಿಕೆಯಾಯಿತೆಂದರೆ, ಮನೆಯಲ್ಲಿ ಯಾರೂ ಇಲ್ಲದಿದ್ದರೂ ಸುತ್ತ ನೋಡಿದೆ. ಮಾರನೆಯ ದಿನ ಅದೇ ಹೊತ್ತಿಗೆ ಮತ್ತೆ ಕರೆ ಬಂತು. ಈ ಸಲ ಗೊತ್ತಿದ್ದೂ ಮಂಡಿಯ ಉಳಿದ ಕಥೆ ಪೂರ್ತಿ ಹೇಳಿದೆ, ಕೇಳಲು ಪುರಸತ್ತಿಲ್ಲದ ಮನುಷ್ಯನಿಗಿಂತ ಅದೇ ವಾಸಿ ಅನ್ನಿಸಿತು. ಮೂರನೆಯ ದಿನ ಕರೆ ಬರಲಿಲ್ಲ. ಕಾದು ಕಾದು ನಾನೇ ಆ ನಂಬರಿಗೆ ಹಚ್ಚಿದೆ. "ನೀವು ಕರೆ ಮಾಡಿದ ಸಂಖ್ಯೆ ಚಾಲ್ತಿಯಲ್ಲಿಲ್ಲ," ಎಂದಳು ಒಬ್ಬಾಕೆ. ಅವಳ ದನಿ ಚೆನ್ನಾಗಿತ್ತು. ನಮ್ಮ ಕಾಲದಲ್ಲಾದರೆ ಎಕ್ಸ್‌ಚೇಂಜಿಗೆ ತಗೊಳ್ಳುತ್ತಿದ್ದರು.

ಅರ್ಧ ಕಪ್ಪು

ಇನ್ನೊಂದು ಮೆರವಣಿಗೆ ಬಂತು. ಅಭ್ಯರ್ಥಿ ಹೆಂಗಸು, ಆದರೆ ಕೈ ಮುಗಿಯುವುದು, ಮಾತಾಡುವುದು, ಬೆವರು ಒರೆಸಿಕೊಳ್ಳುವುದು ಎಲ್ಲ ಗಂಡನೇ. "ನನಗ ಒಂದು ಅವಕಾಶ ಕೊಡ್ರಿ ಅಮ್ಮಾ," ಎನ್ನುತ್ತಾನೆ. ಆಕೆ ಹಿಂದೆ ಹಾರ ಹಾಕಿಕೊಂಡು ನಿಂತಿದ್ದಾಳೆ. ನಾನು ಅವನನ್ನು ಬಿಟ್ಟು ಆಕೆಯನ್ನೇ ಕರೆದೆ. "ಬಾರವ್ವಾ, ಚಾ ಕುಡದು ಹೋಗು."

"ಟೈಮಿಲ್ರೀ," ಎಂದ ಗಂಡ.

ಆಕೆ ನನ್ನ ಹತ್ತಿರ ಬಂದು ಮೆಲ್ಲಗೆ, "ಅಮ್ಮಾ, ಬಾತ್‌ರೂಮ್ ಎಲ್ಲೈತ್ರಿ?" ಎಂದಳು. ತೋರಿಸಿದೆ. ಒಳಗೆ ಹೋದವಳು ಹೊರಗೆ ಬರಲಿಲ್ಲ. ಮೆರವಣಿಗೆ ನಿಲ್ಲಲೂ ಇಲ್ಲ. ತಮಟೆಯವರು ಮುಂದೆ, ಗಂಡ ಹಿಂದೆ, ಘೋಷಣೆ ಕೂಗುತ್ತ ಪಕ್ಕದ ಓಣಿಗೆ ಹೋಗಿಬಿಟ್ಟರು. ಅಭ್ಯರ್ಥಿ ನಮ್ಮ ಮನೆಯಲ್ಲಿ!

ಸ್ವಲ್ಪ ಹೊತ್ತಿಗೆ ಆಕೆ ಮುಖ ತೊಳೆದುಕೊಂಡು ಬಂದಳು. "ಅಲ್ಲೇ ಬಕೀಟ ಬೋರಲ ಹಾಕ್ಕೊಂಡು ಕುಂತಿದ್ದೆ ಅಮ್ಮಾ. ಮುಂಜಾನಿಂದ ಕಾಲಿಗೆ ಒಂದೀಟು ವಿಶ್ರಾಂತಿ ಇಲ್ಲ."

"ನಿನ್ನ ಬಿಟ್ಟು ಹೋದ್ರಲ್ಲವ್ವಾ!"

"ಹೋಗ್ಲಿ ಬಿಡ್ರಿ. ಇನ್ನ ಎರಡು ಓಣಿ ತನಕ ಅವ್ರಿಗೆ ಗೊತ್ತಾಗಂಗಿಲ್ಲ."

ಚಹಾ ಇಟ್ಟೆ, ಕುರ್ಚಿ ಎಳೆದೆ. ಆಕೆ ಕೂತಳು. ಅರ್ಧ ಕಪ್ಪು ಕುಡಿದಿರಬೇಕು, ಹೊರಗೆ ದಡಬಡ ಸದ್ದು. ಪಕ್ಕದ ಓಣಿಯ ಮುದುಕಿಯೊಬ್ಬಳು, "ಕ್ಯಾಂಡಿಡೇಟ್ ಯಾರಲೇ?" ಎಂದು ಕೇಳಿದಳಂತೆ. ಗಂಡ ಹಿಂದೆ ತಿರುಗಿ ನೋಡಿ ಎದೆ ಒಡೆದುಕೊಂಡಿದ್ದ. ಆಕೆಯನ್ನು ಎಬ್ಬಿಸಿಕೊಂಡು ಹೋದರು. ಉಳಿದ ಅರ್ಧ ಕಪ್ಪು ನೋಡುತ್ತ ನಾನು ಬಹಳ ಹೊತ್ತು ಕೂತೆ. ಆಕೆಗೆ ಏನು ಕೊಡಬೇಕೆಂದು ನನಗೆ ಗೊತ್ತಿತ್ತು, ಆದರೆ ಅರ್ಧ ಓಟು ಹಾಕುವ ಗುಂಡಿ ಮಷೀನಿನಲ್ಲಿ ಇಟ್ಟಿಲ್ಲ.

ಬಸ್ಸಿನ ಡ್ರೈವರು

ಪ್ರಚಾರ ಮುಗಿಯಲು ಎರಡು ದಿನವಿದೆ ಎನ್ನುವಾಗ, ನಾಯಿಯೂ ಹೊರಗೆ ಬಾರದ ಬಿಸಿಲಿನಲ್ಲಿ ಒಬ್ಬ ಗೇಟು ತೆಗೆದ. ಹಿಂದೆ ಯಾರೂ ಇಲ್ಲ. ಬಗಲಲ್ಲಿ ಕರಪತ್ರದ ಕಟ್ಟು. ನಲವತ್ತರ ಆಸುಪಾಸಿನವನು. "ಅಮ್ಮಾರ, ಒಂದೀಟು ನೀರು ಕೊಡ್ತೀರೇನ್ರಿ?"

"ನೀರು ಕೊಡ್ತೀನಿ, ಚಾನೂ ಕೊಡ್ತೀನಿ. ಕುಂದ್ರು."

ಅವನು ಕೂತ! ಬೆತ್ತದ ಕುರ್ಚಿಯಲ್ಲಿ ಬೆನ್ನು ಆನಿಸಿ ಕೂತ. ಚಹಾ ಕೊಟ್ಟರೆ ಬಿಸಿ ತಡೆಯಲಾರದೆ ಕಪ್ಪಿನ ಕೆಳಗಿನ ಬಸಿಗೆ ಸುರಿದು ಊದಿ ಊದಿ ಕುಡಿದ. ನಾನು ಆ ಸಂತೋಷಕ್ಕೆ ಮಂಡಕ್ಕಿ ನೆನೆಸಿ ವಗ್ಗಾಣಿಯನ್ನೂ ಮಾಡಿದೆ.

ಅವನು ಹೊಸಪೇಟೆಯಿಂದ ತೋರಣಗಲ್ಲಿನ ಫ್ಯಾಕ್ಟರಿಗೆ ಶಿಫ್ಟಿನವರನ್ನು ಕರೆದೊಯ್ಯುವ ಬಸ್ಸಿನ ಡ್ರೈವರು. ಒಂದು ದಿನ ಲಾರಿಗಳು ಅಡ್ಡ ನಿಂತು ಬಸ್ಸು ಅಲುಗಾಡದಿದ್ದಾಗ ಇವನು ಇಳಿದು ಹೋಗಿ, ಎಲ್ಲರಿಗೂ ಬೈದು ದಾರಿ ಬಿಡಿಸಿದನಂತೆ. ಬಸ್ಸಿನವರೆಲ್ಲ, "ಅಣ್ಣಾ, ನೀ ಎಲೆಕ್ಷನ್‌ಗೆ ನಿಂದ್ರು, ನಿನ್ನ ಹಿಂದ ನಾವದೀವಿ," ಎಂದರು. ಇವನು ಹೋಗಿ ನಾಮಪತ್ರ ಹಾಕಿಯೇಬಿಟ್ಟ.

"ಆಮ್ಯಾಲ ಗೊತ್ತಾತ್ರಿ. ಒಬ್ಬಂದು ಓಟು ದರೋಜಿಯಾಗ, ಒಬ್ಬಂದು ಸಂಡೂರಾಗ, ಒಬ್ಬಂದು ಕಂಪ್ಲಿಯಾಗ. ಇಲ್ಲಿ ಎಲ್ಲಾರೂ ರೂಮು ಮಾಡ್ಕೊಂಡಾರ ಅಷ್ಟ. ನನ್ನ ಹಿಂದ ಐವತ್ತು ಮಂದಿ ಅದಾರ ಅನ್ನೋದು ಖರೇನ ರೀ ಅಮ್ಮಾ. ಸೀಟಿನ ಮ್ಯಾಲ ನಿದ್ದಿ ಹೊಡೀತಾರ."

"ಮನಿಯಾಕಿ ಏನಂದ್ಳು?"

"ತವರಿಗೆ ಹೋಗ್ಯಾಳ್ರಿ. ಸೋತ ಮ್ಯಾಲ ಫೋನ್ ಮಾಡ್ರಿ, ಬರ್ತೀನಿ ಅಂದಾಳ."

ನಾನು ನಕ್ಕೆ. ಅವನು ಫೋಟೋ ನೋಡಿ, "ಅಪ್ಪಾರು ಏನು ಕೆಲಸದಾಗ ಇದ್ರು?" ಎಂದು ಕೇಳಿದ. ಇಷ್ಟು ಜನ ಬಂದರಲ್ಲ, ಯಾರೂ ಕೇಳದ ಪ್ರಶ್ನೆ. ಕಾಲುವೆಯ ನೀರಿನ ಮಟ್ಟ ಅಳೆದು ದಿನಾ ಬರೆದಿಡುವ ಕೆಲಸ, ಮನೆಯಲ್ಲಿ ಸಾರನ್ನೂ ಹಾಗೇ ಬಗ್ಗಿ ನೋಡಿ "ಇವತ್ತು ನಾಲ್ಕು ಬೆರಳು ಕಡಿಮೆ" ಎನ್ನುತ್ತಿದ್ದರು ಎಂದು ಹೇಳುತ್ತ ಹೇಳುತ್ತ ನನಗೆ ಅಳು ಬಂತು. ಅವನು ನೀರಿನ ಲೋಟ ನನ್ನ ಕಡೆ ಸರಿಸಿದ. ಎರಡನೆಯ ಕಪ್ಪು ಕುಡಿದು, ನಲ್ಲಿಯಲ್ಲಿ ತಾನೇ ಕಪ್ಪು ತೊಳೆದಿಟ್ಟು ಹೊರಟ.

"ಓಟು ಕೇಳಲೇ ಇಲ್ಲಲ್ಲಪ್ಪಾ?" ಎಂದೆ.

ಅವನು ತಲೆ ಕೆರೆದುಕೊಂಡು, "ಇರ್ಲಿ ಬಿಡ್ರಿ ಅಮ್ಮಾ," ಎಂದ. ಎಂಥ ಸ್ವಾಭಿಮಾನ! ನಾನೇ ಕಟ್ಟಿನಿಂದ ಒಂದು ಕರಪತ್ರ ಎಳೆದುಕೊಂಡೆ. ನೋಡಿದ್ದು ಗುರುತೊಂದನ್ನೇ: ಹೊಲಿಗೆ ಯಂತ್ರ.

ಮತದಾನದ ದಿನ ಒಳ್ಳೆಯ ಸೀರೆ ಉಟ್ಟು, ಎರಡೂ ಚೀಟಿ ಹಿಡಿದು ಬೂತಿಗೆ ಹೋದೆ. ಬೆರಳಿಗೆ ಶಾಯಿ ಹಾಕಿಸಿಕೊಂಡು ಮಷೀನಿನ ಮುಂದೆ ನಿಂತು ಮೇಲಿಂದ ಕೆಳಗೆ ಹುಡುಕಿದೆ, ಕೆಳಗಿಂದ ಮೇಲೆ ಹುಡುಕಿದೆ. ಹೊಲಿಗೆ ಯಂತ್ರವಿಲ್ಲ. ರಟ್ಟಿನ ಮರೆಯಿಂದ ತಲೆ ಹೊರಗೆ ಹಾಕಿ, "ಏನ್ರೀ, ಹೊಲಿಗಿ ಮಷೀನ್ ಎಲ್ಲೈತಿ?" ಎಂದು ಕೂಗಿದೆ.

ಅಧಿಕಾರಿ ಹೌಹಾರಿದರು. "ಅಮ್ಮಾ! ಯಾರಿಗೆ ಹಾಕ್ತೀರಂತ ಹೇಳಬಾರ್ದು!"

"ಹೇಳಾಕತ್ತಿಲ್ರಿ, ಹುಡಕಾಕತ್ತೀನಿ!"

ಕೂತಿದ್ದ ಏಜೆಂಟರೆಲ್ಲ ಬಿದ್ದು ಬಿದ್ದು ನಕ್ಕರು. ಅವರಲ್ಲೊಬ್ಬ ಹೇಳಿದ, "ಅಮ್ಮಾ, ಆ ಡ್ರೈವರಾ? ಅವ ಗಟಾರದ ಆ ಕಡಿ ವಾರ್ಡಿನಾವ್ರಿ."

ನನ್ನ ಚಹಾ ಪೂರ್ತಿ ಕುಡಿದ ಒಬ್ಬನೇ ಒಬ್ಬ ಮನುಷ್ಯ ನನ್ನ ವಾರ್ಡಿನವನಲ್ಲ! ತಲೆ ಒಳಗೆಳೆದುಕೊಂಡು, 'ಮೇಲಿನ ಯಾರೂ ಅಲ್ಲ' ಎಂಬ ಕೊನೆಯ ಗುಂಡಿಯನ್ನು ಹೆಬ್ಬೆರಳಿನಿಂದ ಜೋರಾಗಿ ಒತ್ತಿದೆ. ಯಜಮಾನರ ಹೆಸರಿನಲ್ಲಿ ಯಾರೂ ಬರದಂತೆ ಬೂತು ಮುಚ್ಚುವ ತನಕ ಕಾದು ನಿಂತೆ. ಮನೆಗೆ ಬರುವಾಗ ದಾರಿ ಉದ್ದವಾಯಿತು.

ಫಲಿತಾಂಶದ ದಿನ

ನಮ್ಮ ವಾರ್ಡಿನಲ್ಲಿ ಸಾಹುಕಾರರು ಗೆದ್ದರು. ಸಂಜೆ ಓಣಿಯಲ್ಲಿ ಪಟಾಕಿ ಶುರುವಾಗುವ ಮೊದಲೇ ನಮ್ಮ ಗೇಟು ಸದ್ದಾಯಿತು. ಡ್ರೈವರು, ಖಾಕಿ ಅಂಗಿಯಲ್ಲಿ.

ನನಗೆ ಸಿಟ್ಟು ನೆತ್ತಿಗೇರಿತು. "ಡ್ರೈವರ್ ಆಗಿ ದಾರಿ ತಪ್ತಿಯಲ್ಲಪ್ಪಾ! ನಾ ನಿನ್ನ ಹೆಸರು ಹುಡುಕಿ ಹುಡುಕಿ ಬೂತಿನಾಗ ಮರ್ಯಾದಿ ಕಳಕೊಂಡೆ."

"ತಪ್ಪಿರಲಿಲ್ರೀ ಅಮ್ಮಾ," ಎಂದ ಅವನು, ಬಾಗಿಲಲ್ಲೇ ನಿಂತು. "ಗೊತ್ತಿದ್ದ ಬಂದಿದ್ದೆ. ನಮ್ಮ ಕಡಿ ನನ್ನ ನೋಡಿದ್ರ ಬಾಗಲಾ ಹಾಕ್ಕೊಂತಿದ್ರು. ಯಾರ ಮನಿಯಾಗ ಕುಂತ್ರೂ ಓಟಿಗೆ ಬಂದಾನ ಅಂತಿದ್ರು. ಗಟಾರ ದಾಟಿದ್ರ ನಾನೂ ಕ್ಯಾಂಡಿಡೇಟ್ ಅಲ್ಲ, ನೀವೂ ಓಟಲ್ಲ. ಸುಮ್ನ ಕುಂತು ಮಾತಾಡಬೇಕಂತ ಅನಿಸಿತ್ರಿ."

ನಾನು ಅವನನ್ನು ಪರೀಕ್ಷೆ ಮಾಡಲು ಕೂರಿಸಿದ್ದೆ, ಅವನು ನನ್ನಿಂದ ಏನೂ ಬೇಡವೆಂದೇ ಕೂತಿದ್ದ. "ಕುಂದ್ರು," ಎಂದು ಚಹಾ ಇಟ್ಟೆ. "ಎಷ್ಟು ಬಿದ್ದುವು?"

"ಹದಿನೇಳು ರೀ."

ಅಷ್ಟರಲ್ಲಿ ತಮಟೆಯ ಸಮೇತ ಸಾಹುಕಾರರೇ ಒಳಗೆ ನುಗ್ಗಿದರು. ಮೈತುಂಬ ಗುಲಾಲು, ಕೈಯಲ್ಲಿ ಪೇಡೆಯ ಡಬ್ಬಿ. ಚಹಾ ಅಂದೆ, "ಇನ್ನೊಮ್ಮಿ ಅಮ್ಮಾರ," ಅಂದರು. ನನಗೊಂದು ಪೇಡೆ ಕೊಟ್ಟು, ನೇರ ಫೋಟೋದ ಮುಂದೆ ನಿಂತು, ಅಲ್ಲೊಂದು ಪೇಡೆ ಇಟ್ಟು, ಕಣ್ಣು ಮುಚ್ಚಿ ಕೈ ಮುಗಿದರು. "ಸರ್, ನಿಮ್ಮ ಓಟು ನನಗ ಬಿದ್ದೈತಿ, ನನಗ ಗೊತ್ತೈತಿ. ಸಾಯೂತನಕ ಮರೆಯಂಗಿಲ್ಲ."

ಅವರು ಹೋದ ಮೇಲೆ ಡ್ರೈವರು ಫೋಟೋವನ್ನೇ ನೋಡುತ್ತ ನಿಟ್ಟುಸಿರು ಬಿಟ್ಟ. "ಅಪ್ಪಾರು ಗಟಾರದ ಆ ಕಡಿ ಇದ್ದಿದ್ರ, ನಂದು ಹದಿನೆಂಟು ಆಗ್ತಿತ್ತು ನೋಡ್ರಿ ಅಮ್ಮಾ."

ನಾನು ನಕ್ಕೆ, ಅವನೂ ನಕ್ಕ. ನಮ್ಮ ಮನೆಯಲ್ಲಿ ಇಬ್ಬರು ಒಟ್ಟಿಗೆ ನಕ್ಕು ನಾಲ್ಕು ವರ್ಷವಾಗಿತ್ತು. ಫೋಟೋದ ಮುಂದಿದ್ದ ಪೇಡೆಯನ್ನು ಅರ್ಧರ್ಧ ಮಾಡಿ ತಿಂದೆವು.

ಅವನ ಹೆಂಡತಿ ತವರಿನಿಂದ ಬಂದಿದ್ದಾಳೆ. ವಾರದ ರಜೆಯ ದಿನ ಇಬ್ಬರೂ ಗಟಾರ ದಾಟಿ ಬರುತ್ತಾರೆ. "ಎಲೆಕ್ಷನ್ ಮುಗಿದೈತಿ ಅಂತ ಅವಗ ಯಾರರ ಹೇಳ್ರಿ," ಎನ್ನುತ್ತಾಳೆ ಎದುರು ಮನೆಯಾಕೆ. ಅವನಿಗೆ ಬಿಸಿ ಚಹಾ ಈಗಲೂ ಆಗುವುದಿಲ್ಲ. "ಅಮ್ಮಾ, ಸ್ವಲ್ಪ ಆರಿಸಿ ಕೊಡ್ರಿ," ಎಂದು ಪ್ರತಿ ಸಲ ಕೇಳುತ್ತಾನೆ. ನಾನು ಹೂಂ ಎಂದು ಒಳಗೆ ಹೋಗಿ, ಇನ್ನೊಂದು ಕುದಿ ಬರಿಸಿ, ಬಸಿಯನ್ನು ಮರೆತವಳಂತೆ ಒಳಗೇ ಬಿಟ್ಟು, ಕಪ್ಪಷ್ಟೇ ತಂದು ಕೊಡುತ್ತೇನೆ. ಆರುವ ತನಕ ಕೂರಬೇಕಲ್ಲ.