ಲಗ್ಜುರಿ ಕಮ್ಯುನಿಟಿಯಾಗ ಅಜ್ಜಿಯ ನೀಲಿ ಡ್ರಮ್ಮು

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಂದು ವಾರ ಏನೂ ಆಗದೆ ಕಳೆಯಿತು ಅಂದರೆ ಎಲ್ಲರೂ ಊರಿಗೆ ಹೋಗಿದ್ದಾರೆ ಅಂತ ಅರ್ಥ. ಮಂದಿ ಇದ್ದರೆ ಏನಾದರೂ ಒಂದು ಆಗಿಯೇ ಆಗುತ್ತದೆ. ಆದದ್ದಕ್ಕೆಲ್ಲ ನನ್ನ ಹೆಸರೇ ಬರುತ್ತದೆ. ಅದರಲ್ಲಿ ಅರ್ಧ ನಿಜ ಇರುತ್ತದೆ, ಇಲ್ಲ ಅನ್ನೋದಿಲ್ಲ.

ಆದೋನಿ ಊರು ಮುಗಿದು, ಹತ್ತಿ ಮಿಲ್ಲುಗಳೂ ಮುಗಿದ ಮೇಲೆ, ಜೋಳದ ಹೊಲದ ಪಕ್ಕಕ್ಕೆ ನಮ್ಮ ನಾಲ್ಕು ಬ್ಲಾಕು ನಿಂತಿವೆ. ಗೇಟಿನಲ್ಲಿ ಕಾರಂಜಿ, ಒಳಗೆ ಸ್ವಿಮ್ಮಿಂಗ್ ಪೂಲು, ಜಿಮ್ಮು, ಕ್ಲಬ್ ಹೌಸು. ಅಪ್ಪ ಹತ್ತಿ ವ್ಯಾಪಾರದವ. ಹಳೇ ಊರಿನ ಸಂದಿಯ ಮನೆ ಬಿಟ್ಟು ಇಲ್ಲಿಗೆ ಬಂದಾಗ ಸೋಫಾ, ಮಂಚ, ಟೀವಿ ಎಲ್ಲ ಹೊಸದು ತಂದ. ಅಜ್ಜಿ ಮಾತ್ರ ಹಳೇ ಮನೆಯಿಂದ ಒಂದೇ ಒಂದು ಸಾಮಾನು ತಂದಳು. ಅದು ನೀಲಿ ಪ್ಲಾಸ್ಟಿಕ್ ಡ್ರಮ್ಮು. ಹತ್ತಿ ಲಾರಿಯಲ್ಲಿ ಒಂದೇ ಕೂತುಕೊಂಡು ಬಂತು.

ಹಳೇ ಸಂದಿಯಲ್ಲಿ ನಳ ಬರುತ್ತಿದ್ದದ್ದು ಎರಡು ದಿನಕ್ಕೊಮ್ಮೆ. ಇಲ್ಲಿ ಇಪ್ಪತ್ನಾಲ್ಕು ತಾಸು ನೀರು ಅಂತ ಬಿಲ್ಡರು ಬಣ್ಣದ ಪುಸ್ತಕದಲ್ಲಿ ಅಚ್ಚು ಹಾಕಿಸಿದ್ದ. ಅಪ್ಪ ಅದನ್ನ ಓದಿ ಹೇಳಿದ. ಅಜ್ಜಿ, "ಪುಸ್ತಕದಾಗ ಬರದ್ರ ನಳದಾಗ ಬರತಾವೇನು?" ಅಂದಳು. ಡ್ರಮ್ಮು ಬಾಲ್ಕನಿಗೆ ಹೋಯಿತು. ದಿನಾ ಮುಂಜಾನೆ ತುಂಬುವುದು, ಬಿಳೀ ಅರಿವೆ ಮುಚ್ಚುವುದು, ಸಂಜೆಗೆ ಗಿಡಕ್ಕೆ ಸುರಿಯುವುದು, ಮರುದಿನ ಮತ್ತೆ ತುಂಬುವುದು.

ನಾನು ಹತ್ತನೇ ಕ್ಲಾಸಿನ ಪರೀಕ್ಷೆ ಎರಡು ಸಲ ಬರೆದವ. ಲೆಕ್ಕ ಎರಡು ಸಲವೂ ನನ್ನನ್ನು ಮುಂದಕ್ಕೆ ಬಿಡಲಿಲ್ಲ. ಅದಕ್ಕೇ ಅಪ್ಪನ ತಲೆಯಲ್ಲಿ ಪತ್ತಿಕೊಂಡ ಊರಿನ ಒಂದು ಹಾಸ್ಟೆಲ್ಲು ಸುತ್ತುತ್ತಿತ್ತು. ಅಲ್ಲಿ ಹುಡುಗರನ್ನ ಕೋಳಿಗಿಂತ ಮೊದಲು ಎಬ್ಬಿಸುತ್ತಾರಂತೆ. ಮೂರು ಕಂಪ್ಲೇಂಟ್ ಬಂದರೆ ಅಲ್ಲಿಗೇ ಅಂತ ಅಪ್ಪ ಹೇಳಿಬಿಟ್ಟಿದ್ದ.

೧. ಲಿಫ್ಟಿನ ಮುಂದೆ ಚಪ್ಪಲಿ

ಮೊದಲನೇ ದಿನ ಅಜ್ಜಿ ಲಿಫ್ಟಿನ ಬಾಗಿಲು ತೆರೆದದ್ದು ನೋಡಿದಳು. ಒಳಗೆ ದೀಪ, ಕನ್ನಡಿ, ಥಳಥಳ ನೆಲ. ಸುಮ್ಮನೆ ಚಪ್ಪಲಿ ಬಿಟ್ಟು ಒಳಗೆ ಹೋದಳು. ನಾಲ್ಕನೇ ಮಹಡಿಯಲ್ಲಿ ಇಳಿದು ಕಾಲು ನೋಡಿಕೊಂಡು, "ನನ್ನ ಚಪ್ಪಲಿ ಮ್ಯಾಲ ಬರಲಿಲ್ಲಲ್ಲೋ" ಅಂದಳು.

ನಾನು ತರಲಿಕ್ಕೆ ಕೆಳಗಿಳಿದೆ. ಅಷ್ಟರಲ್ಲಿ ಯಾರದೋ ಮನೆಗೆ ಬಂದ ಬೀಗರು ಅಜ್ಜಿಯ ಚಪ್ಪಲಿ ಪಕ್ಕಕ್ಕೇ ತಮ್ಮವನ್ನೂ ಬಿಟ್ಟು ಮೇಲೆ ಹೋಗಿದ್ದರು. ಅದನ್ನ ನೋಡಿದ ಮೇಲೆ ನನ್ನ ಕೈ ಸುಮ್ಮನಿರಲಿಲ್ಲ. ಮನೆಯಲ್ಲಿದ್ದ ಹಳೇ ಚಪ್ಪಲಿ ಎಲ್ಲ ತಂದು ಲಿಫ್ಟಿನ ಮುಂದೆ ಸಾಲಾಗಿ ಜೋಡಿಸಿದೆ. ಬೋರ್ಡಿಲ್ಲ, ಬಾಯಲ್ಲಿ ಮಾತಿಲ್ಲ. ಮಧ್ಯಾಹ್ನದ ಹೊತ್ತಿಗೆ ಆ ಸಾಲು ವಾಚ್‌ಮನ್ ಕುರ್ಚಿ ಮುಟ್ಟಿತು. ಹಾಲಿನವ ಬಿಟ್ಟ, ಕೊರಿಯರಿನವ ಬಿಟ್ಟ, ಫ್ಲಾಟು ನೋಡಲಿಕ್ಕೆ ಬಂದ ಬಳ್ಳಾರಿಯ ಪಾರ್ಟಿ ಬೂಟಿನ ದಾರ ಬಿಚ್ಚಿ ಸಾಕ್ಸನ್ನೂ ಕಳಚಿಟ್ಟಿತು.

ನಮ್ಮ ಸೊಸೈಟಿ ಸೆಕ್ರೆಟರಿ ಸರಕಾರಿ ನೌಕರಿಯಿಂದ ರಿಟೈರ್ ಆದವರು. ಮಾತಿಗೊಮ್ಮೆ "ಇದು ಲಗ್ಜುರಿ ಕಮ್ಯುನಿಟಿ" ಅನ್ನುತ್ತಾರೆ. ಸಂಜೆ ಅವರು ನಮ್ಮ ಮನೆಗೇ ಏರಿ ಬಂದು ಬಾಗಿಲ ಹೊರಗೇ ನಿಂತರು. ಇದೇನು ಲಗ್ಜುರಿ ಕಮ್ಯುನಿಟಿಯೋ ಧರ್ಮಛತ್ರವೋ, ಓದಿದ ಮಂದಿಗೂ ಬುದ್ಧಿ ಬೇಡವಾ, ಒಬ್ಬರನ್ನ ನೋಡಿ ಒಬ್ಬರು ಬಿಡುವುದಾ ಅಂತ ಅಪ್ಪನಿಗೆ ಹತ್ತು ನಿಮಿಷ ಹೇಳಿದರು. ಅಪ್ಪ ತಲೆ ತಗ್ಗಿಸಿಕೊಂಡು ಕೇಳಿದ. ತಲೆ ತಗ್ಗಿಸಿದ್ದಕ್ಕೇ ಅವನಿಗೆ ಕಂಡದ್ದು. ಸೆಕ್ರೆಟರಿಯವರು ಬರಿಗಾಲಲ್ಲಿ ನಿಂತಿದ್ದರು.

೨. ಅರಿಶಿನದ ಪೂಲು

ಸ್ವಿಮ್ಮಿಂಗ್ ಪೂಲಿನಲ್ಲಿ ಈಜುವವ ಒಬ್ಬನೇ ಒಬ್ಬ. ಬಿ ಬ್ಲಾಕಿನ ಲೆಕ್ಚರರು, ಮದುವೆ ಆಗಬೇಕಾದವರು, ದಿನಾ ಮುಂಜಾನೆ ಡೈವು ಹೊಡೆಯುತ್ತಾರೆ. ಉಳಿದವರು ಸಂಜೆ ಪಂಚೆ ಮೇಲೆತ್ತಿ, ದಂಡೆಗೆ ಕೂತು ಕಾಲು ಬಿಟ್ಟುಕೊಂಡು, ಹತ್ತಿ ರೇಟು ಮಾತಾಡುತ್ತಾರೆ.

ಅಜ್ಜಿ ಒಂದು ದಿನ ಪೂಲಿನ ಸುತ್ತ ಒಂದು ಸುತ್ತು ಹಾಕಿ, ಇಷ್ಟು ನೀರು ತುಂಬಿಸಿ ಗಂಗಮ್ಮನಿಗೆ ಒಂದು ಪೂಜೆ ಮಾಡಿಲ್ಲ ಅಂದರೆ ಹೇಗೆ ಅಂದಳು. ಅವಳು ಅಂದದ್ದು ಒಬ್ಬಳಿಗೆ, ಶುಕ್ರವಾರ ಸಂಜೆ ಬಂದದ್ದು ನಾಲ್ಕು ಬ್ಲಾಕಿನ ಹೆಣ್ಣುಮಕ್ಕಳು. ಕಾಯಿ, ಹೂವು, ಕುಪ್ಪಸದ ಕಣ, ಒಬ್ಬೊಬ್ಬರದು ಒಂದೊಂದು ಚಿಟಿಕೆ ಅರಿಶಿನ. ಚಿಟಿಕೆಯಲ್ಲಿ ಗಂಗಮ್ಮನಿಗೆ ಏನು ಹತ್ತುತ್ತದೆ ಅಂತ ನಾನು ಎಲ್ಲರೂ ಹೋದ ಮೇಲೆ ಎರಡು ಕಿಲೋ ಪಾಕೀಟು ಪೂರ್ತಿ ಬಗ್ಗಿಸಿದೆ.

ಮರುದಿನ ಮುಂಜಾನೆ ಲೆಕ್ಚರರು ಎಂದಿನಂತೆ ಕಣ್ಣು ಮುಚ್ಚಿ ಹಾರಿದರು. ಹೊರಗೆ ಬಂದಾಗ ಕಿವಿಯಿಂದ ಹಿಮ್ಮಡಿತನಕ ಮದುಮಗ. ಸೋಪು ಹಚ್ಚಿದರು, ಶಾಂಪೂ ಹಚ್ಚಿದರು, ಬಣ್ಣ ಇನ್ನಷ್ಟು ಕಳೆಗಟ್ಟಿತು. ಕಾಲೇಜಿಗೆ ರಜೆ ಹಾಕಿದರು. ಸೆಕ್ರೆಟರಿಯವರು ಅಪ್ಪನಿಗೆ ಫೋನು ಹಚ್ಚಿ, ಅರಿಶಿನ ಹಾಕಿದವರ ಪಟ್ಟಿ ನನ್ನ ಹತ್ತಿರ ಇದೆ ಅಂದರು. ಪಟ್ಟಿಯಲ್ಲಿ ಇದ್ದದ್ದು ಒಂದೇ ಹೆಸರು.

ಲೆಕ್ಚರರ ತಾಯಿ ಜಗಳಕ್ಕೆ ಬರುತ್ತಾಳೆ ಅಂತ ನಾನು ಬಾತ್‌ರೂಮಿನಲ್ಲಿ ಅಡಗಿದ್ದೆ. ಆಕೆ ಬಂದಳು. ಸೋಫಾದ ಮೇಲೆ ಕೂತಳು. ಚಹಾ ಕುಡಿದಳು. ಆಮೇಲೆ ಅಜ್ಜಿಗೆ ಹೇಳಿದಳು: "ಮೂರು ವರ್ಷ ಆತವ್ವಾ, ಹುಡುಗಿ ನೋಡೋಣಂದ್ರ ಒಲ್ಲೆ ಅಂತಿದ್ದ. ಹೆಂಗೂ ಅರಿಶಿಣ ಹತ್ತೇತಿ. ಇದು ಇಳಿಯೋದ್ರಾಗ ಕೌತಾಳದ ಕಡೆ ಯಾವುದಾರ ಹುಡುಗಿ ಇದ್ರ ಹೇಳು."

೩. ಏಸಿ ಜಿಮ್ಮಿನಾಗ ಪಾದಯಾತ್ರೆ

ಪಕ್ಕದ ಫ್ಲಾಟಿನ ಸಾಹುಕಾರರು ಅಪ್ಪನ ಹಾಗೇ ಹತ್ತಿಯವರು. ಹಣೆ ತುಂಬ ವಿಭೂತಿ, ಹೊಟ್ಟೆ ತುಂಬ ಮಿರ್ಚಿ ಬಜ್ಜಿ. ಯುಗಾದಿಗೆ ಶ್ರೀಶೈಲಕ್ಕೆ ನಡೆದು ಬರುತ್ತೇನೆ ಅಂತ ಹರಕೆ ಹೊತ್ತಿದ್ದರು. ಆದರೆ ಆ ಹೊತ್ತಿಗೆ ಮಾರ್ಕೆಟ್ಟು ಬಿಡಲಾಗುವುದಿಲ್ಲ, ಬಿಸಿಲಲ್ಲಿ ಮೊಣಕಾಲು ನಡೆಯಗೊಡುವುದಿಲ್ಲ. ಹರಕೆ ವರ್ಷ ವರ್ಷ ಹಿಂದೆ ಬೀಳುತ್ತಿತ್ತು. ಆ ಮಾತು ತೆಗೆದರೆ ನಿಜವಾಗಿಯೂ ಅವರ ಮುಖ ಸಣ್ಣದಾಗುತ್ತಿತ್ತು.

ನಾನು ಅವರಿಗೆ, ಕಾಕಾ, ಜಿಮ್ಮಿನಲ್ಲಿ ನಡೆಯುವ ಮಷೀನಿದೆ, ಎಷ್ಟು ನಡೆದಿರಿ ಅಂತ ಅದೇ ಹೇಳುತ್ತದೆ, ಶ್ರೀಶೈಲದ ಮಲ್ಲಯ್ಯನಿಗೆ ಬೇಕಾದದ್ದು ನಡಿಗೆ, ಬಿಸಿಲಲ್ಲ ಅಂದೆ. ತಮಾಷೆಗೆ ಅಂದದ್ದು. ಮರುದಿನ ಮುಂಜಾನೆ ಸಾಹುಕಾರರು ಬಿಳೀ ಪಂಚೆ ಉಟ್ಟು, ಹೆಗಲಿಗೆ ಜೋಳಿಗೆ ಹಾಕಿ, ಬರಿಗಾಲಲ್ಲೇ ಮಷೀನು ಹತ್ತಿಬಿಟ್ಟರು.

ದಿನಾ ಇಳಿದ ಮೇಲೆ, "ಲೇ ತಮ್ಮಾ, ಯಾವೂರು ಬಂತು ನೋಡು" ಅನ್ನುವರು. ನಾನು ಫೋನಿನಲ್ಲಿ ಮ್ಯಾಪು ತೆರೆದು ಹೇಳುವೆ. ಎಮ್ಮಿಗನೂರು ದಾಟಿತು, ಕರ್ನೂಲು ಬಂತು. ಸುದ್ದಿ ಬ್ಲಾಕಿಗೆಲ್ಲ ಹರಡಿತು. ಪಾದಯಾತ್ರಿಗಳಿಗೆ ದಾರಿಯಲ್ಲಿ ಮಜ್ಜಿಗೆ ಕೊಡುವುದು ನಮ್ಮ ಕಡೆ ಪದ್ಧತಿ. ಹೆಣ್ಣುಮಕ್ಕಳು ಜಿಮ್ಮಿಗೆ ಮಜ್ಜಿಗೆ, ಸೌತೆಕಾಯಿ ತಂದು ನಡೆಯುವವರ ಕೈಗೆ ಕೊಟ್ಟು ನಮಸ್ಕಾರ ಮಾಡಿ ಹೋಗುವರು. ಆತ್ಮಕೂರು ದಾಟಿದ ದಿನ ನಾನು, ಕಾಕಾ, ಇಲ್ಲಿಂದ ಗುಡ್ಡ ಅಂತ ಹೇಳಿ ಮಷೀನಿನ ಏರಿನ ಗುಂಡಿ ಒತ್ತಿದೆ. ಬೇಡ ಅನ್ನಲಿಲ್ಲ. ಬೆವರಿಳಿಸಿಕೊಂಡು ಮೂರು ದಿನ ಕಾಡು ಹತ್ತಿದರು.

ಶ್ರೀಶೈಲ ಮುಟ್ಟಿದ ದಿನ ಕಣ್ಣಲ್ಲಿ ನೀರು ತಂದುಕೊಂಡರು. ಅದೇ ಭಕ್ತಿಯಲ್ಲಿ ಕಾಯಿ ಒಡೆದರು, ಮಷೀನಿನ ಮೇಲೇ. ಕಾಯಿ ನೀರು ಒಳಗಿಳಿದು ಮಷೀನು ಒಮ್ಮೆ ಕೆಮ್ಮಿ ಸುಮ್ಮನಾಯಿತು. ಅದು ಮೂರನೇ ಕಂಪ್ಲೇಂಟು.

ಮರುದಿನ ಜಿಮ್ಮಿನ ಮೂಲೆಯಲ್ಲಿದ್ದ ಮಸಾಜ್ ಕುರ್ಚಿಯಲ್ಲಿ ಸಾಹುಕಾರರು ಗಡಗಡ ಅಲ್ಲಾಡುತ್ತ, ಜೋಳಿಗೆ ತೊಡೆ ಮೇಲಿಟ್ಟುಕೊಂಡು ಕೂತಿದ್ದರು. ಇದೇನು ಕಾಕಾ ಅಂದೆ.

"ನಡಕೊಂತ ಹೋದವ್ರು ಬರೋವಾಗ ಬಸ್ಸಿಗಿ ಬರ್ತಾರಪಾ" ಅಂದರು.

೪. ನೀರ್ ಬಂದ್ವು

ಮೂರು ಕಂಪ್ಲೇಂಟ್ ಆದದ್ದರಿಂದ ಅಪ್ಪ ಟ್ರಂಕು ಇಳಿಸಿ ಧೂಳು ಜಾಡಿಸಿದ. ಅಜ್ಜಿ ಅದರ ಮೇಲೆ ಕೂತಳು. ನಾನು ಇರುವತನಕ ಹುಡುಗ ಎಲ್ಲಿಗೂ ಹೋಗುವುದಿಲ್ಲ ಅಂದಳು. ಅಜ್ಜಿಯನ್ನ ಟ್ರಂಕಿನ ಮೇಲಿಂದ ಎಬ್ಬಿಸುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ.

ಆ ವಾರವೇ ಲಿಫ್ಟಿನಲ್ಲಿ ನೋಟೀಸು ಬಂತು. ಬಾಲ್ಕನಿಯ ಡ್ರಮ್ಮುಗಳಿಂದ ಕಮ್ಯುನಿಟಿಯ ಲುಕ್ಕು ಕೆಡುತ್ತಿದೆ, ಇಪ್ಪತ್ನಾಲ್ಕು ತಾಸು ನೀರಿರುವಲ್ಲಿ ಡ್ರಮ್ಮು ಯಾಕೆ, ಭಾನುವಾರದ ಮೀಟಿಂಗಿನಲ್ಲಿ ತೀರ್ಮಾನ. ಅಜ್ಜಿಗೆ ಓದಿ ಹೇಳಿದೆ. ಅವಳು ಸಿಟ್ಟು ಮಾಡಲಿಲ್ಲ. ಡ್ರಮ್ಮು ಹೋದ ದಿನ ತಾನೂ ಪೆದ್ದಹರಿವಾಣಕ್ಕೆ, ತಮ್ಮನ ಮನೆಗೆ ಹೋಗುತ್ತೇನೆ ಅಂತ ಸೀರೆ ಮಡಚಿಡಲಿಕ್ಕೆ ಕೂತಳು.

ಅಪ್ಪ ನನ್ನನ್ನು ಪಕ್ಕಕ್ಕೆ ಕರೆದ. "ಆಕಿ ಆ ಬಸ್ ಹತ್ತಿದ್ಲಂದ್ರ, ನೀ ಪತ್ತಿಕೊಂಡದ ಬಸ್ ಹತ್ತತೀ. ಮೀಟಿಂಗಿನಾಗ ಬಾಯಿ ಬಿಟ್ಟಿ ಅಂದ್ರ ಆಕಿಗಿಂತ ಮೊದಲ ಹತ್ತತೀ." ಅಜ್ಜಿಯ ತಲೆ ಮೇಲೆ ನನ್ನ ಕೈ ಇಡಿಸಿ ಆಣೆ ಮಾಡಿಸಿದ.

ಭಾನುವಾರ ಮುಂಜಾನೆ ಕ್ಲಬ್ ಹೌಸು ತುಂಬಿತ್ತು. ಹಿಂದಿನ ಟೇಬಲ್ಲಿನ ಮೇಲೆ ಮೀಟಿಂಗ್ ಆದ ಮೇಲೆ ತಿನ್ನಲಿಕ್ಕೆ ಮಂಡಕ್ಕಿಯ ಉಗ್ಗಾಣಿ, ಬಜ್ಜಿ ಮುಚ್ಚಿಟ್ಟಿದ್ದರು. ಸೆಕ್ರೆಟರಿಯವರು ಎದ್ದು, ಇದು ಲಗ್ಜುರಿ ಕಮ್ಯುನಿಟಿ, ನಾವು ಸಂದಿಯ ಬುದ್ಧಿ ಬಿಡಬೇಕು, ನೀರಿಗಾಗಿ ಕೊಡ ಹಿಡಿದು ಓಡುವ ಕಾಲ ಮುಗಿಯಿತು ಅಂತ ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಭಾಷಣ ಮಾಡಿದರು. ಎಲ್ಲರೂ ತಲೆ ಆಡಿಸಿದರು. ಸಾಹುಕಾರರೂ ಆಡಿಸಿದರು. ಲೆಕ್ಚರರು ಇನ್ನೂ ಸ್ವಲ್ಪ ಹಳದಿ ಇದ್ದರು, ಅವರು ಎಲ್ಲರಿಗಿಂತ ಜೋರಾಗಿ ಆಡಿಸಿದರು. ಡ್ರಮ್ಮು ಬೇಡ ಅನ್ನುವವರು ಕೈ ಎತ್ತಿರಿ ಅಂದಾಗ ಒಂದೊಂದೇ ಕೈ ಮೇಲೇಳತೊಡಗಿತು.

ನನ್ನ ಬಾಯಿಗೆ ಬಂದದ್ದನ್ನೆಲ್ಲ ನುಂಗಿದೆ. ಪಕ್ಕದಲ್ಲಿ ಅಪ್ಪ ನನ್ನ ಮೊಣಕೈ ಹಿಡಿದುಕೊಂಡಿದ್ದ. ಪತ್ತಿಕೊಂಡದ ಕೋಳಿ ಕೂಗುವುದು ನನಗೆ ಕೇಳುತ್ತಿತ್ತು.

ಅಜ್ಜಿ ಹಿಂದಿನ ಸಾಲಿನಿಂದ ಎದ್ದಳು. ಕಿಟಕಿಗೆ ಹೋಗಿ ಹೊರಗಿನ ಕಾರಂಜಿಯ ಕಡೆ ನೋಡಿದಳು. ಆಮೇಲೆ ತಿರುಗಿ, ಪಕ್ಕದ ಮನೆಯವಳಿಗೆ ಹೇಳುವಷ್ಟೇ ದನಿಯಲ್ಲಿ, "ನೀರ್ ಬಂದ್ವು" ಅಂದಳು.

ಅಷ್ಟೇ. ಒಂದು ಕುರ್ಚಿ ಬಿತ್ತು. ಆಮೇಲೆ ಎಲ್ಲ ಕುರ್ಚಿಗಳೂ ಬಿದ್ದವು. ಎತ್ತಿದ ಕೈ ಇಳಿಸಲಿಕ್ಕೂ ಹೊತ್ತಿಲ್ಲದೆ ಮಂದಿ ಓಡಿದರು. ಲಿಫ್ಟು ತುಂಬಿತು, ಮೆಟ್ಟಿಲು ತುಂಬಿತು. ಸಾಹುಕಾರರು ಗುಡ್ಡ ಹತ್ತಿದ ಕಾಲಲ್ಲಿ ಎರಡೆರಡು ಮೆಟ್ಟಿಲು ಹಾರುತ್ತಿದ್ದರು. ನಾನು ನಾಲ್ಕನೇ ಮಹಡಿಗೆ ಹೇಗೆ ಮುಟ್ಟಿದೆನೋ ಗೊತ್ತಿಲ್ಲ. ಕೊಡ ತುಂಬಿಸಿ, ಬಕೆಟ್ಟು ತುಂಬಿಸಿ, ಕುಕ್ಕರು ನಳದ ಕೆಳಗೆ ಹಿಡಿದ ಮೇಲೆ ನನಗೆ ನೆನಪಾಯಿತು, ನಮ್ಮ ಮನೆಯಲ್ಲಿ ನೀರು ಹೋಗಿಯೇ ಇರಲಿಲ್ಲ ಅಂತ. ತಿರುಗಿ ನೋಡಿದರೆ ಅಪ್ಪ ಅಡಿಗೆಮನೆಯ ಇನ್ನೊಂದು ನಳದಲ್ಲಿ ದೇವರ ತಂಬಿಗೆ ತುಂಬುತ್ತಿದ್ದ. ಒಬ್ಬರ ಮುಖ ಒಬ್ಬರು ನೋಡಿಕೊಂಡು, ಇಬ್ಬರೂ ನಳ ಬಂದ್ ಮಾಡಿದೆವು.

ನಾವು ಕೆಳಗೆ ಬಂದಾಗ ಕ್ಲಬ್ ಹೌಸಿನಲ್ಲಿ ಅಜ್ಜಿ ಒಬ್ಬಳೇ ಫ್ಯಾನಿನ ಕೆಳಗೆ ಕೂತು ಬಜ್ಜಿ ತಿನ್ನುತ್ತಿದ್ದಳು. ಮಂದಿ ಒಬ್ಬೊಬ್ಬರೇ ಒದ್ದೆ ತೋಳಿನಲ್ಲಿ, ಯಾರ ಕಡೆಯೂ ನೋಡದೆ ಬಂದು, ಬಿದ್ದ ಕುರ್ಚಿ ಎತ್ತಿಕೊಂಡು ಕೂತರು. ಎಲ್ಲರಿಗಿಂತ ಕೊನೆಗೆ ಸೆಕ್ರೆಟರಿಯವರು ಬಂದರು. ಪ್ಯಾಂಟು ಮೊಣಕಾಲತನಕ ಮಡಚಿತ್ತು. ಸೀದಾ ನನ್ನ ಕಡೆ ಎಡಗೈ ಬೆರಳು ತೋರಿಸಿ, ಇವನೇ, ಇವನದೇ ಕೆಲಸ, ಸುಳ್ಳು ಹೇಳಿ ಮೀಟಿಂಗ್ ಕೆಡಿಸಿದ ಅಂದರು.

ಅಜ್ಜಿ ಬಾಯಲ್ಲಿದ್ದ ಬಜ್ಜಿ ನುಂಗಿ, ಸೆರಗಿನಿಂದ ಬೆರಳು ಒರೆಸಿಕೊಂಡಳು. "ನಾ ಅಂದದ್ದರಿ ಸಾರು. ಸುಳ್ಳ ಏನೈತಿ? ಇಪ್ಪತ್ನಾಕ್ ತಾಸು ಬರತಾವು ಅಂತ ನೀವ ಹೇಳಿದ್ರಿ. ನೋಡಿದೆ, ಬಂದಿದ್ವು."

ಸೆಕ್ರೆಟರಿಯವರು ಮೀಟಿಂಗಿನ ಪುಸ್ತಕದ ಕಡೆ ತಿರುಗಿದರು. ಅಜ್ಜಿ ಮೆಲ್ಲಗೆ, ನಿಮ್ಮ ಮನೆಯಲ್ಲಿ ಎಷ್ಟು ಡ್ರಮ್ಮು ಅಂತ ಕೇಳಿದಳು. ಅವರು ಇದು ಲಗ್ಜುರಿ ಅನ್ನುವಷ್ಟರಲ್ಲಿ ಹೆಂಗಸರ ಸಾಲಿನಿಂದ ಅವರ ಹೆಂಡತಿ, "ಮೂರದಾವ್ ಅವ್ವಾ, ಬಾತ್‌ರೂಮಿನಾಗ. ಹೊರಗ ಇಡಬ್ಯಾಡ, ಮಂದಿ ನೋಡ್ತಾರ ಅಂದ್ರು" ಅಂದಳು.

ಅವತ್ತು ಮೀಟಿಂಗಿನ ಪುಸ್ತಕದಲ್ಲಿ ಒಂದೇ ಸಾಲು ಬರೆದರು: ಎಲ್ಲರೂ ಡ್ರಮ್ಮಿಗೆ ಮುಚ್ಚಳ ಹಾಕತಕ್ಕದ್ದು. ಅಪ್ಪ ಟ್ರಂಕನ್ನ ಮತ್ತೆ ಅಟ್ಟಕ್ಕೆ ಏರಿಸಿದ, ಅಜ್ಜಿ ಸೀರೆಗಳನ್ನ ಬೀರುವಿನಲ್ಲಿಟ್ಟಳು.

ಆ ಒಂದು ಸಾಲು ಬರೆದುಕೊಳ್ಳಲಿಕ್ಕೆ ಸೆಕ್ರೆಟರಿಯವರಿಗೆ ಸ್ವಲ್ಪ ತಡವಾಗಿತ್ತು. ಪೆನ್ನು ಹಿಡಿಯಬೇಕಾದ ಕೈಯಲ್ಲಿ ಅವರು ಅಷ್ಟೊತ್ತೂ ತುಂಬಿದ ಬಿಂದಿಗೆ ಹಿಡಿದುಕೊಂಡೇ ನಿಂತಿದ್ದರು, ಎಲ್ಲಿಡಬೇಕು ಅಂತ ತಿಳಿದಿರಲಿಲ್ಲ. ಅಜ್ಜಿಯೇ ಕೈ ಚಾಚಿ, ಕೊಡ್ರಿ, ಬಜ್ಜಿ ಖಾರ ಅದಾವು ಅಂತ ಇಸಕೊಂಡಳು.