ನಮ್ಮತ್ತಿಗೆ ಪಾಸು ಮಾಡದ ಕೋಲು

ನಮ್ಮತ್ತಿಗೆ ದೇವರನ್ನು ನಂಬುತ್ತಾರೆ, ಆದರೆ ದೇವರ ಮಂಟಪದ ಮೊಳೆ ಗಟ್ಟಿಯಾಗಿದೆಯೇ ಎಂದು ಅಲ್ಲಾಡಿಸಿ ನೋಡಿದ ಮೇಲೆ. ಅವರು ನನ್ನ ಗಂಡನ ಅಕ್ಕ. ಮದುವೆಯಾಗಲಿಲ್ಲ. ಇನ್ಶೂರೆನ್ಸ್ ಕಚೇರಿಯೊಂದರ ಕ್ಲೇಮು ವಿಭಾಗದಲ್ಲಿ ಕೆಲಸ. ಜನ ಹೇಗೆಲ್ಲ ಜಾರುತ್ತಾರೆ, ಬೀಳುತ್ತಾರೆ, ಸುಟ್ಟುಕೊಳ್ಳುತ್ತಾರೆ ಎಂದು ಓದಿ ಓದಿ, ಅವರ ಪಾಲಿಗೆ ಪ್ರಪಂಚವೆಂದರೆ ಇನ್ನೂ ಆಗದಿರುವ ಅಪಘಾತಗಳ ಗೋದಾಮು. ನನ್ನ ತಂಗಿಯ ಮದುವೆಗೆ ಬನಶಂಕರಿಯ ಛತ್ರಕ್ಕೆ ಬಂದವರು, ವಧೂವರರಿಗೆ ಅಕ್ಷತೆ ಹಾಕುತ್ತಲೇ, "ಇಲ್ಲಿ ತಪ್ಪಿಸ್ಕೊಂಡ್ ಹೋಗೋಕೆ ಇನ್ನೊಂದ್ ಬಾಗ್ಲು ಎಲ್ಲಿದೆ?" ಎಂದು ಕೇಳಿದರು. ಇದು ತನಗೇ ಏನೋ ಸೂಚನೆ ಎಂದುಕೊಂಡು ಮದುಮಗ ಬೆಚ್ಚಿಬಿದ್ದ.

ಇಂಥವರನ್ನು ಕಂಡರೆ ಯಾರಿಗಾದರೂ ಹೊಟ್ಟೆಕಿಚ್ಚಾಗುತ್ತದೆಯೇ? ನನಗಾಗುತ್ತದೆ. ಕಾರಣ ನನ್ನ ಮಗಳು. ಅವಳಿಗೆ ಅಮ್ಮನಿಗಿಂತ ಈ ಅತ್ತೆಯೇ ಹೆಚ್ಚು.

ಒಂಬತ್ತನೇ ಕ್ಲಾಸಿನ ಹುಡುಗಿ. ಅಕ್ಕಪಕ್ಕದ ಮಕ್ಕಳೆಲ್ಲ ಭರತನಾಟ್ಯ, ಬ್ಯಾಡ್ಮಿಂಟನ್ ಎಂದು ಹೋದರೆ ಇವಳು ಆರಿಸಿಕೊಂಡದ್ದು ಪೋಲ್ ವಾಲ್ಟ್. ಉದ್ದನೆಯ ಕೋಲು ಹಿಡಿದು ಓಡಿಬಂದು, ಅದನ್ನು ನೆಲದ ಗುಳಿಗೆ ಊರಿ, ಬಿಲ್ಲಿನಂತೆ ಬಾಗಿದ ಕೋಲು ನೆಟ್ಟಗಾಗುವಾಗ ಅದರ ಜೊತೆ ಮೇಲೆದ್ದು, ಅಡ್ಡಪಟ್ಟಿ ದಾಟಿ ಆಚೆಯ ದಪ್ಪ ಹಾಸಿಗೆಗೆ ಬೀಳುವ ಆಟ. ಅತ್ತಿಗೆ ಖಂಡಿತ ಬೇಡ ಅನ್ನುತ್ತಾರೆ, ಮಗಳು ಮುನಿಸಿಕೊಂಡು ನನ್ನ ಕಡೆ ಬರುತ್ತಾಳೆ ಎಂದು ನಾನು ಒಳಗೊಳಗೇ ಕಾದಿದ್ದೆ. ಅತ್ತಿಗೆ ಬೇಡ ಅನ್ನಲಿಲ್ಲ. ಕೂತು ಆ ಆಟದ ನಿಯಮಗಳನ್ನೆಲ್ಲ ಓದಿದರು. ಆಮೇಲೊಂದು ಭಾನುವಾರ ಜೆ.ಪಿ. ನಗರದಿಂದ ತೂಕದ ಮಷೀನು ಹೊತ್ತು ಕತ್ರಿಗುಪ್ಪೆಯ ನಮ್ಮ ಮನೆಗೆ ಬಂದಿಳಿದರು.

"ಕೋಲಿನ ಮೇಲೆ ಒಂದು ತೂಕ ಬರ್ದಿರ್ತಾರೆ. ಹಾರೋರು ಅದಕ್ಕಿಂತ ಜಾಸ್ತಿ ಇರೋಹಾಗಿಲ್ಲ," ಎನ್ನುತ್ತಾ ಮಗಳನ್ನು ಮಷೀನಿನ ಮೇಲೆ ಹತ್ತಿಸಿದರು. ಮುಳ್ಳು ನಿಂತ ಜಾಗ ನೋಡಿ ನನ್ನ ಕಡೆ ತಿರುಗಿದರು. ನನ್ನ ಕೈಯಲ್ಲಿ ತುಪ್ಪದ ಮಿಳ್ಳೆ ಇತ್ತು.

"ದೋಸೆಗೆ ಎಷ್ಟ್ ಹಾಕ್ತೀಯಾ?"

"ಬೆಳೆಯೋ ಮಗು ಅತ್ತಿಗೆ."

"ಬೆಳೀಲಿ. ಆದ್ರೆ ಕೋಲು ಬೆಳೆಯಲ್ವಲ್ಲ. ತುಪ್ಪ ನಿಲ್ಲಿಸ್ಬೇಡ. ತೂಕ ಏರಿದ್ರೆ ನಂಗೆ ಹೇಳು, ಅವ್ರ ಸಾರ್ ಹತ್ರ ಇನ್ನೂ ಗಟ್ಟಿ ಕೋಲು ಕೇಳ್ತೀನಿ."

ಅಂದಿನಿಂದ ನನ್ನ ಅಡುಗೆಮನೆಯ ತುಪ್ಪಕ್ಕೂ ಅವರಿಗೆ ವರದಿ ಒಪ್ಪಿಸಬೇಕಾಯಿತು.

ಅಭ್ಯಾಸ ನಡೆಯುತ್ತಿದ್ದದ್ದು ತಲಘಟ್ಟಪುರದ ಹತ್ತಿರದ ಮೈದಾನದಲ್ಲಿ. ಅತ್ತಿಗೆ ಅಲ್ಲಿಗೂ ಹಾಜರು. ಎರಡು ಹಾಸಿಗೆ ಸೇರುವ ಸಂದಿಯಲ್ಲಿ ತಮ್ಮ ಛತ್ರಿಯನ್ನು ಇಳಿಬಿಟ್ಟರು. ಛತ್ರಿ ಹಿಡಿಸಮೇತ ಮಾಯವಾಯಿತು.

"ಸಾರ್, ಛತ್ರಿ ಹೋದ ಕಡೆ ಮಗು ಕಾಲು ಹೋಗಲ್ವಾ?"

ಪಿ.ಟಿ. ಮೇಷ್ಟ್ರು ಒಳ್ಳೆಯವರು. "ಎರಡೂ ಸೇರಿಸಿ ಕಟ್ಟಿಸ್ತೀನಿ ಮೇಡಂ," ಎಂದರು.

"ಗುಳಿ ಸುತ್ತ ಮೆತ್ತೆ?"

"ಹಾಕಿಸ್ತೀನಿ."

"ಪಟ್ಟಿ ಇಡೋ ಕಂಬದ ಬುಡಕ್ಕೆ?"

"ಅದಕ್ಕೂ ಮೇಡಂ."

ಮುಂದಿನ ವಾರ ಎಲ್ಲವೂ ಆಗಿತ್ತು. ಅತ್ತಿಗೆ ಚಪ್ಪಲಿ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಾಸಿಗೆ ಹತ್ತಿ ನಿಂತು, ಕಡಿದ ಮರದಂತೆ ಹಿಂದಕ್ಕೆ ಬಿದ್ದರು. ಬಿದ್ದಲ್ಲಿಂದಲೇ "ಪರ್ವಾಗಿಲ್ಲ" ಎಂದು ತೀರ್ಪು ಕೊಟ್ಟರು. ಮಗಳು ನಕ್ಕ ನಗೆ ಕನಕಪುರ ರಸ್ತೆಯವರೆಗೆ ಕೇಳಿಸಿರಬೇಕು. ಹೆತ್ತ ನಾನು ಅವಳನ್ನು ಯಾವತ್ತಾದರೂ ಹಾಗೆ ನಗಿಸಿದ್ದೇನೆಯೇ? ನಾನೂ ಒಮ್ಮೆ ಬಿದ್ದು ನೋಡಲೇ ಅನ್ನಿಸಿತು. ನಾನು ಬಿದ್ದರೆ "ಅಮ್ಮ, ಎಲ್ರೂ ನೋಡ್ತಿದಾರೆ" ಅನ್ನುತ್ತಾಳೆ, ಗೊತ್ತು.

ಮನೆಗೆ ಬಂದರೂ ಅದೇ ಕತೆ. ಫೋನಿನಲ್ಲಿ ಅತ್ತೆಯ ಜೊತೆ ಮುಗಿಯದ ಮಾತು. ನಾನು "ಇವತ್ತೇನಾಯ್ತೇ?" ಅಂದರೆ "ಏನಿಲ್ಲಮ್ಮ." ಬೆವರಿನ ಸಾಕ್ಸು ಮಾತ್ರ ನನ್ನ ಪಾಲಿಗೆ.

ಶಾಲೆಶಾಲೆಗಳ ನಡುವಿನ ಸ್ಪರ್ಧೆ ಬಂತು. ಅವತ್ತು ಬೆಳಿಗ್ಗೆ ಅತ್ತಿಗೆ ಮೈದಾನದಲ್ಲಿ ಕೂತು, ಮಗಳ ಕೋಲನ್ನು ರೇಷ್ಮೆ ಸೀರೆ ಕೊಳ್ಳುವವರಂತೆ ಉದ್ದಕ್ಕೂ ಸವರಿ ನೋಡಿದರು. ನಡುವೆ ಒಂದು ಕಡೆ ಬೆರಳು ನಿಂತಿತು. ಉಗುರು ಸಿಕ್ಕುವಷ್ಟು ಸಣ್ಣ ಕಚ್ಚು.

"ಇದ್ರಲ್ಲಿ ಹಾರ್ಬಾರ್ದು."

"ಅತ್ತೆ, ನಿನ್ನೆನೂ ಇದ್ರಲ್ಲೇ ಹಾರಿದೀನಿ."

"ನಿನ್ನೆ ಇತ್ತೋ ಇಲ್ವೋ ಗೊತ್ತಿಲ್ಲ ಕಂದ. ಇವತ್ತಿದೆ."

ಮಗಳು ಮೇಷ್ಟ್ರ ಮುಖ ನೋಡಿದಳು. ಅವರೂ ಉಗುರಾಡಿಸಿ ನೋಡಿ, "ಮೇಡಂ ಹೇಳೋದು ಸರಿ ಪುಟ್ಟಾ. ಬಾಗ್ದಾಗ ಅಲ್ಲೇ ಮುರಿದ್ರೂ ಮುರೀಬಹುದು," ಎಂದರು.

ಇದ್ದ ಇನ್ನೊಂದು ಕೋಲು ಅವಳಿಗಿಂತ ದಪ್ಪಗಿರುವವರದ್ದು. ನಿಯಮಕ್ಕೇನೋ ಸರಿ, ಆದರೆ ಇವಳ ಭಾರಕ್ಕೆ ಅದು ಬಾಗಬೇಕಲ್ಲ. ಮೊದಲ ಎತ್ತರ ಹೇಗೋ ದಾಟಿದಳು, ಮುಂದಿನದಕ್ಕೆ ಮೂರು ಸಲವೂ ಪಟ್ಟಿ ಬೀಳಿಸಿದಳು. ಅಷ್ಟೇ. ಅತ್ತುಕೊಂಡು ನೇರ ನನ್ನ ಬಳಿ ಬಂದಳು.

"ಅತ್ತೆ ಎಲ್ಲಾ ಹಾಳ್ಮಾಡ್ಬಿಟ್ರು ಅಮ್ಮ."

ನನಗೆ ಸಂಕಟವಾಯಿತು, ಸುಳ್ಳೇಕೆ. ಆದರೆ ಆ 'ಅಮ್ಮ' ಅನ್ನುವ ಮಾತು ಕಿವಿಗೆ ಜೇನು ಬಿಟ್ಟ ಹಾಗೂ ಇತ್ತು.

ಕಚ್ಚು ಬಿದ್ದ ಕೋಲನ್ನು ಇನ್ಯಾರೂ ಹಿಡಿಯದಿರಲಿ ಎಂದು ಶಾಲೆಯವರು ತುಂಡು ಮಾಡಿ ಶಾಲೆಯ ತೋಟದ ಟೊಮೆಟೊ ಗಿಡಗಳಿಗೆ ಊರುಗೋಲಾಗಿ ನೆಟ್ಟರು. ಅದು ಮುರಿಯುತ್ತಿತ್ತೋ ಇಲ್ಲವೋ, ಟೊಮೆಟೊಗಳಿಗೇ ಗೊತ್ತು. ಮಗಳು ಅತ್ತೆಯ ಜೊತೆ ಮಾತು ಬಿಟ್ಟಳು. ಮೈದಾನದ ಸುದ್ದಿಯೆಲ್ಲ ಈಗ ನನಗೆ. ನಾನು ದೋಸೆ ಹುಯ್ಯುತ್ತಾ ರಾಣಿಯ ಹಾಗೆ ಕೇಳುತ್ತಿದ್ದೆ.

ಅತ್ತಿಗೆ ಮಾತ್ರ ಮೈದಾನಕ್ಕೆ ಬರುವುದು ಬಿಡಲಿಲ್ಲ. ದೂರದಲ್ಲಿ ಬೇಲಿಯ ಹತ್ತಿರ ನಿಲ್ಲುತ್ತಿದ್ದರು. ಅಷ್ಟರಲ್ಲಿ ಮಗಳ ತೂಕಕ್ಕೆ ತಕ್ಕ ಹೊಸ ಕೋಲೂ ಬಂದಿತ್ತು. ಒಂದು ಸಂಜೆ ನನ್ನ ಗೆಲುವನ್ನು ಸ್ವಲ್ಪ ಮೆರೆಸಲೆಂದೇ ಹೋಗಿ ಅವರ ಪಕ್ಕದಲ್ಲಿ ನಿಂತೆ. ಮಗಳು ಓಡತೊಡಗಿದಳು. ಏನೋ ಹೇಳಲು ತಿರುಗಿದರೆ, ಅತ್ತಿಗೆ ಬೇಲಿಯ ತಂತಿ ಹಿಡಿದು ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದರು. ಹಾಸಿಗೆಯ ಮೇಲೆ ಬಿದ್ದ ಸದ್ದಾದ ಮೇಲೆ ಕಣ್ಣು ಬಿಟ್ಟರು.

"ದಾಟಿದ್ಲಾ?"

"ನೀವ್ ನೋಡ್ಲಿಲ್ವಾ ಅತ್ತಿಗೆ?"

"ಒಂದ್ಸಲನೂ ನೋಡಿಲ್ಲ ಕಣೇ. ನಂಗೆ ಆಗಲ್ಲ. ಬಿದ್ದ ಸದ್ದು ಮೆತ್ತಗೆ ಬಂದ್ರೆ ಕಣ್ಬಿಡ್ತೀನಿ."

ಮೆರೆಸಲು ತಂದಿದ್ದ ಮಾತು ಬಿಟ್ಟು, "ದಾಟಿದ್ಲು ಅತ್ತಿಗೆ," ಎಂದೆ.

"ಹೇಗ್ ಕಾಣ್ತಾಳೆ, ಮೇಲೆ ಹೋದಾಗ?" ಅತ್ತಿಗೆ ಮೆಲ್ಲಗೆ ಕೇಳಿದರು.

ಆಚೆ ಮಗಳು ಮತ್ತೆ ಕೋಲೆತ್ತಿ ನಿಂತಳು. ಅತ್ತಿಗೆ ಆಗಲೇ ಕಣ್ಣು ಮುಚ್ಚಿದ್ದರು. ತಂತಿಯಿಂದ ಅವರ ಕೈ ಬಿಡಿಸಿ ಹಿಡಿದುಕೊಂಡೆ. ತಣ್ಣಗೆ ಕೊರೆಯುತ್ತಿತ್ತು.

"ಓಡ್ತಿದಾಳೆ ಅತ್ತಿಗೆ," ಎಂದೆ. "ಕೋಲು ಊರಿದ್ಲು. ಬಾಗ್ತು. ಕಾಲು ಮೇಲೆ, ತಲೆ ಕೆಳಗೆ... ಜಡೆ ಜೋತಾಡ್ತಿದೆ. ಪಟ್ಟಿ ಮೇಲಿದಾಳೆ. ಕೋಲು ಬಿಟ್ಲು. ಏನೂ ಹಿಡ್ಕೊಂಡಿಲ್ಲ ಈಗ. ನಗ್ತಿದಾಳೆ."

ಮೆತ್ತನೆಯ ಸದ್ದಾಯಿತು. ಅತ್ತಿಗೆ ಕಣ್ಣು ಬಿಡಲಿಲ್ಲ.

"ಇನ್ನೊಂದ್ಸಲ ಹೇಳು," ಅಂದರು.