ಸಾಹೇಬರ ಕೋಟಿನ ಮೂರನೇ ಗುಂಡಿ

ಮನುಷ್ಯನಿಗೆ ಜಂಬ ಬರಲು ದೊಡ್ಡ ಕಾರಣವೇನೂ ಬೇಕಿಲ್ಲ. ನನಗೆ ಒಂದು ಕರಿ ಕೋಟು ಸಾಕಾಗಿತ್ತು. ಮುರಗೋಡದ ನಮ್ಮ ಓಣಿಯಲ್ಲಿ ಮೊಟ್ಟಮೊದಲು ಕೋಟು ಹೊಲಿಸಿದವನು ನಾನೇ. ನಮ್ಮ ಅಜ್ಜ ಊರೊಳಗೆ ಹೋಗುವಾಗ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿಯುತ್ತಿದ್ದ. ಮೊಮ್ಮಗ ಅದೇ ಹಾದಿಯಲ್ಲಿ ಕೋಟು ತೊಟ್ಟು, ಶಾಲೆಯ ಮಾಸ್ತರನಾಗಿ, ಬೂಟು ಕಿರುಗುಟ್ಟಿಸುತ್ತ ನಡೆಯುತ್ತಿದ್ದ. ಇದಕ್ಕೆ ಕಾರಣ, ನಮ್ಮಂಥವರಿಗೆ ಓದಿನ ಹಾದಿ ತೆರೆದ, ಸಂವಿಧಾನ ಬರೆದ ನಮ್ಮ ಸಾಹೇಬರು. ದೇಶಕ್ಕೆಲ್ಲ ದೊಡ್ಡ ನಾಯಕರಾದರೂ ನಮಗೆ ಅವರು ಮನೆಯ ಹಿರಿಯರು. ಅವರು ತೀರಿಕೊಂಡು ವರ್ಷಗಳೇ ಆಗಿದ್ದರೂ ಹೆಸರೆತ್ತಿದರೆ ಇವತ್ತಿಗೂ ನನ್ನ ಎದೆ ಉಬ್ಬುತ್ತದೆ.

ಕೆಲವು ವರ್ಷಗಳ ಹಿಂದೆ ಅವರ ಜಯಂತಿಗೆ ದೊಡ್ಡದೊಂದು ಪಟ ಬರೆಸುವುದೆಂದು ಓಣಿಯವರು ನಿಶ್ಚಯಿಸಿದೆವು. ಬೈಲಹೊಂಗಲದಲ್ಲಿ ಅಂಗಡಿಗಳ ಬೋರ್ಡು ಬರೆಯುವ ಮೌಲಾಸಾಬರನ್ನು ಕರೆಸಿದೆವು. ನಮ್ಮಲ್ಲಿದ್ದದ್ದು ಪೇಪರಿನಿಂದ ಕತ್ತರಿಸಿಟ್ಟ ಫೋಟೋ. ಅದರಲ್ಲಿ ಮುಖವೊಂದೇ ಇತ್ತು.

"ಮಾರಿ ಬರೀತೇನ್ರಿ. ಕಣ್ಣಿಗೆ ಕಾಣದ ಕೋಟು ಹೆಂಗ ಬರೀಲಿ?" ಎಂದರು ಮೌಲಾಸಾಬರು.

ಓಣಿಯೆಲ್ಲ ನನ್ನ ಕಡೆ ನೋಡಿತು. ಆ ಬಿರುಬೇಸಿಗೆಯಲ್ಲಿ ನಾಲ್ಕು ದಿನ ಕೋಟು ತೊಟ್ಟು, ಬೆವರು ಸುರಿಸುತ್ತ ಸ್ಟೂಲಿನ ಮೇಲೆ ಕುಳಿತೆ. "ಮಾಸ್ತರ್ರ, ಸೆಟದ ಕುಂದರ್ರಿ. ಸಾಹೇಬರು ಹಿಂಗ ಕುಗ್ಗಿ ಕುಂದರತಿದ್ದಿಲ್ಲ" ಎಂದು ಅವರು ಮೇಲಿಂದ ಮೇಲೆ ಗದರುತ್ತಿದ್ದರು.

ಜಯಂತಿಯ ದಿನ ಬೆಳಿಗ್ಗೆ ಚಾವಡಿಯಲ್ಲಿ ಪಟದ ಮೇಲಿನ ಬಟ್ಟೆ ಸರಿಸಿದೆವು. ಮುಖ ಥೇಟ್ ಸಾಹೇಬರದೇ. ಕೋಟು ಥೇಟ್ ನನ್ನದೇ. ಎಷ್ಟು ನನ್ನದೆಂದರೆ ಮೂರನೇ ಗುಂಡಿ ಬೆಳ್ಳಗಿತ್ತು! ಕರಿ ಗುಂಡಿ ಉದುರಿದಾಗ ನನ್ನ ಹೆಂಡತಿ ಹಳೇ ಅಂಗಿಯ ಬಿಳಿ ಗುಂಡಿ ಹಚ್ಚಿದ್ದಳು. ಮೌಲಾಸಾಬರು ಕಂಡದ್ದನ್ನು ಬಿಡುವವರಲ್ಲ. ನನ್ನ ಜೀವ ಹಾರಿಹೋಯಿತು. ಇನ್ನೊಂದು ತಾಸಿನಲ್ಲಿ ಊರೇ ಬರಲಿದೆ. ನನ್ನ ಮನೆಯ ಬಡತನವನ್ನು ಸಾಹೇಬರ ಎದೆಯ ಮೇಲೆ ನೋಡಿ ಜನ ನಕ್ಕರೆ?

"ಅದನ್ನ ಲಗೂನ ಕರೇದು ಮಾಡ್ರಿ" ಎಂದು ಮೌಲಾಸಾಬರಿಗೆ ದುಂಬಾಲು ಬಿದ್ದೆ. ಅವರು ಕುಂಚ ಎತ್ತಿದರು. ಅಷ್ಟರಲ್ಲಿ ನಮ್ಮ ಅವ್ವ ಅಡ್ಡ ಬಂದಳು.

"ಬ್ಯಾಡೋ ಯಪ್ಪಾ. ಅವರೂ ಬಡತನದಾಗ ಕಲತವರು. ನಮ್ಮನಿ ಗುಂಡಿ ಅವರ ಎದಿಮ್ಯಾಲ ಇದ್ದರ ನಮಗ ನಾಚಿಕಿ ಯಾಕ?"

ಕುಂಚ ಕೆಳಗಿಳಿಯಿತು. ನಾನು ಎಲ್ಲರೆದುರೇ ಅತ್ತುಬಿಟ್ಟೆ. ಊರವರು ಬಂದರು, ಕೈಮುಗಿದರು, ಒಬ್ಬರೂ ನಗಲಿಲ್ಲ. ಮೂರು ದಿನ ಸಿಕ್ಕಸಿಕ್ಕವರಿಗೆಲ್ಲ "ಆ ಕೋಟು ನಂದ" ಎಂದು ಹೇಳುತ್ತ ತಿರುಗಿದೆ.

ತಪ್ಪಿದ್ದೇ ಅಲ್ಲಿ. ಬಸ್ ಸ್ಟ್ಯಾಂಡಿನಲ್ಲಿ ಎಲೆ-ಅಡಿಕೆ ಉಗುಳಲು ಹೋದರೆ ಯಾರೋ ಮುದುಕಿ, "ಸಾಹೇಬರ ಕೋಟು ಹಾಕ್ಕೊಂಡು ಉಗುಳತೀರೇನ್ರಿ?" ಎಂದಳು. ಶಾಲೆಯಿಂದ ಹತ್ತು ನಿಮಿಷ ಮುಂಚೆ ಹೊರಟರೆ ಗೌಡರ ಆಳು ಕೂಡ ನನ್ನ ಗುಂಡಿ ನೋಡುತ್ತಿದ್ದ. ಬೇಸತ್ತು ಹೆಂಡತಿಗೆ ಕರಿ ಗುಂಡಿ ತಂದುಕೊಟ್ಟೆ. "ಸಾಹೇಬರ ಕೋಟಿಗೆ ಕೈ ಹಚ್ಚಾಕ ನೀವ್ಯಾರ್ರಿ?" ಎಂದಳು.

ಈಗ ಎಲೆ-ಅಡಿಕೆ ಬಿಟ್ಟಿದ್ದೇನೆ, ಗಂಟೆ ಹೊಡೆದ ಮೇಲೆಯೇ ಶಾಲೆ ಬಿಡುತ್ತೇನೆ. ದಿನವೂ ಚಾವಡಿಯ ಮುಂದೆ ಹಾಯುವಾಗ ಬೆನ್ನು ಸೆಟೆಸಿ ಪಟದತ್ತ ನೋಡಿ ಮೆಲ್ಲಗೆ ಹೇಳುತ್ತೇನೆ: "ಸಂಜೀತನಕ ನಿಮ್ಮ ಕೋಟು ಹಾಕ್ಕೊಂಡಿರತೇನ್ರಿ, ಸಾಹೇಬ್ರ."